ಕೆಲಸವನ್ನೇ ಕಾಣದ ವೃತ್ತಿ ಮಾರ್ಗದರ್ಶನ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ಒಂದು ಕಾರ್ಯಕ್ರಮ ತಪ್ಪದೆ ಜರುಗುತ್ತದೆ. ಭಾನುವಾರದ ಬಲಿಪೂಜೆಯ ಬಳಿಕ ಸಭಾಂಗಣದಲ್ಲಿ ಕುರ್ಚಿಗಳ ಸಾಲು. ಗೋಡೆಯ ಮೇಲೆ ‘ವೃತ್ತಿ ಮಾರ್ಗದರ್ಶನ ಶಿಬಿರ’ ಎಂಬ ಬ್ಯಾನರು. ಪ್ರಾರ್ಥನಾ ಗೀತೆ, ಸ್ವಾಗತ, ದೀಪ ಬೆಳಗುವಿಕೆ, ಹೂಗುಚ್ಛ. ಆನಂತರ ಪಟ್ಟಣದಿಂದ ಬಂದ ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಒಂದು ಮರದ ಚಿತ್ರವನ್ನು ತೋರಿಸುತ್ತಾರೆ. ಬುಡದಲ್ಲಿ ಹತ್ತನೆಯ ತರಗತಿ. ದಪ್ಪನೆಯ ಕೊಂಬೆ ಪಿಯುಸಿ ವಿಜ್ಞಾನ. ಅದರಿಂದ ಕವಲೊಡೆದ ರೆಂಬೆಗಳು ವೈದ್ಯಕೀಯ, ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್. ಇನ್ನೊಂದು ಕೊಂಬೆ ವಾಣಿಜ್ಯ. ಮತ್ತೊಂದು, ಕೊಂಚ ಬಡಕಲಾದದ್ದು, ಕಲಾ ವಿಭಾಗ. ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗುವಂತೆ, ಐಟಿಐ ಮತ್ತು ಡಿಪ್ಲೊಮಾ ಎಂಬ ಎರಡು ಚಿಗುರುಗಳು.

ಮಕ್ಕಳು ಮುಂದಿನ ಸಾಲುಗಳಲ್ಲಿ, ತಂದೆತಾಯಿಗಳು ಹಿಂದಿನ ಸಾಲುಗಳಲ್ಲಿ. ಪ್ರಶ್ನೆಗಳೆಲ್ಲ ಹಿಂದಿನಿಂದಲೇ ಬರುತ್ತವೆ. “ಪಿಸಿಎಂಬಿ ತೆಗೆದುಕೊಂಡರೆ ಎರಡೂ ಕಡೆ ದಾರಿ ತೆರೆದಿರುತ್ತದಲ್ಲವೇ ಸರ್?” “ಅರವತ್ತು ಪರ್ಸೆಂಟ್ ಬಂದರೆ ಸೈನ್ಸ್ ಸಿಗುತ್ತದೆಯೇ?” “ಈಗ ಯಾವುದಕ್ಕೆ ಸ್ಕೋಪ್ ಇದೆ?” ಹನ್ನೊಂದೂವರೆಗೆ ಚಹಾ ಬರುತ್ತದೆ, ವಂದನಾರ್ಪಣೆಯಾಗುತ್ತದೆ. ಮಕ್ಕಳ ಭವಿಷ್ಯಕ್ಕಾಗಿ ಏನೋ ಒಂದು ಮಾಡಿದೆವೆಂಬ ಸಮಾಧಾನದಿಂದ ಎಲ್ಲರೂ ಮನೆಗೆ ಹೋಗುತ್ತಾರೆ.

ಪ್ರಿಯ ಓದುಗರೇ, ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಇಂತಹ ಶಿಬಿರಗಳ ವೇದಿಕೆಯ ಮೇಲೆ ಹಲವು ವರ್ಷ ಕುಳಿತವನು. ಪರದೆಗಳು ಬರುವ ಮೊದಲು ಆ ಮರವನ್ನು ಸೀಮೆಸುಣ್ಣದಿಂದ ಕಪ್ಪುಹಲಗೆಯ ಮೇಲೆ ಬಿಡಿಸಿದವನೂ ನಾನೇ. ಆದ್ದರಿಂದ ಮುಂದೆ ಬರುವ ಆಕ್ಷೇಪಗಳ ಮೊದಲ ಪಾಲು ನನಗೇ ಸಲ್ಲಬೇಕು.

ಆಕ್ಷೇಪ ಇಷ್ಟೇ. ಆ ಎರಡು ಗಂಟೆಗಳಲ್ಲಿ ವೃತ್ತಿ ಎಂಬ ಶಬ್ದ ನೂರು ಸಲ ಕೇಳಿಬಂದೀತು. ಕೆಲಸ ಮಾತ್ರ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ನರ್ಸಿಂಗ್ ಓದಲು ಎಷ್ಟು ವರ್ಷ, ಎಷ್ಟು ಶುಲ್ಕ, ಮುಗಿಸಿದ ಮೇಲೆ ಯಾವ ಯಾವ ದೇಶಗಳಿಗೆ ಹೋಗಬಹುದು ಎಂಬುದೆಲ್ಲ ಮಕ್ಕಳಿಗೆ ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಂದೇ ಸಮಯದಲ್ಲಿ ಇಬ್ಬರು ರೋಗಿಗಳು ಕರೆದಾಗ ಮೊದಲು ಯಾರ ಬಳಿಗೆ ಹೋಗಬೇಕೆಂದು ನಿರ್ಧರಿಸುವುದು ನರ್ಸಿನ ಕೆಲಸವೆಂದು ಯಾರೂ ಹೇಳುವುದಿಲ್ಲ. ಸಿವಿಲ್ ಎಂಜಿನಿಯರ್ ಬೆಳಗಿನ ಎಂಟು ಗಂಟೆಗೆ ಕಾಂಕ್ರೀಟು ಕಲಸುವವರ ಪಕ್ಕದಲ್ಲಿ ಬಿಸಿಲಿಗೆ ನಿಂತಿರುತ್ತಾನೆ, ಮೇಸ್ತ್ರಿಯ ಅನುಭವಕ್ಕೂ ನಕಾಶೆಯ ಲೆಕ್ಕಕ್ಕೂ ನಡುವೆ ಸಿಕ್ಕಿಕೊಂಡಿರುತ್ತಾನೆ ಎಂಬುದನ್ನು ಯಾವ ಪರದೆಯೂ ತೋರಿಸುವುದಿಲ್ಲ. ನಾವು ಮಕ್ಕಳನ್ನು ಕೋರ್ಸುಗಳಿಗೆ ಸಿದ್ಧಗೊಳಿಸುತ್ತೇವೆ. ಆ ಕೋರ್ಸಿನ ಆಚೆ ದಿನಕ್ಕೆ ಎಂಟು ಗಂಟೆಯಂತೆ ಮೂವತ್ತೈದು ವರ್ಷ ಮಾಡಬೇಕಾದ ಕೆಲಸವೊಂದಿದೆ. ಅದರ ಮುಖಪರಿಚಯವನ್ನೇ ಮಾಡಿಸುವುದಿಲ್ಲ. ವರನ ಮುಖವನ್ನೇ ತೋರಿಸದೆ ಛತ್ರದ ಬಾಡಿಗೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿದ ಹಾಗೆ.

ತೊಂಬತ್ತರ ದಶಕದ ಒಂದು ಘಟನೆಯನ್ನು ಹೇಳಬೇಕು. ಮಲೆನಾಡಿನ ಶಾಲೆಯೊಂದರಲ್ಲಿದ್ದೆ. ಆಗಸ್ಟ್ 15ರ ಬೆಳಿಗ್ಗೆ, ಮುಖ್ಯ ಅತಿಥಿಗಳು ಬಂದು ಕುಳಿತ ಮೇಲೆ, ಮೈಕ್ ಕೈಕೊಟ್ಟಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ ಆಂಪ್ಲಿಫೈಯರಿನ ಹಿಂಬದಿಯನ್ನು ಬಿಚ್ಚಿ, ಬಿಟ್ಟುಹೋಗಿದ್ದ ತಂತಿಯನ್ನು ಹುಡುಕಿ ಸೇರಿಸಿ, ಹತ್ತು ನಿಮಿಷದಲ್ಲಿ ಅದನ್ನು ಮಾತನಾಡಿಸಿದ. ಭಾಷಣಗಳು ಸಾಂಗವಾಗಿ ನಡೆದವು. ಮಾರನೆಯ ದಿನ ತರಗತಿಯಲ್ಲಿ ನಾನು ಅವನನ್ನು ನಿಲ್ಲಿಸಿ ಹೇಳಿದ ಮಾತು ಇಂದಿಗೂ ನೆನಪಿದೆ: “ಇದೇ ಆಸಕ್ತಿಯನ್ನು ಬೀಜಗಣಿತದಲ್ಲಿ ತೋರಿಸಿದ್ದರೆ ಉದ್ಧಾರವಾಗುತ್ತಿದ್ದೆ.” ತರಗತಿ ನಕ್ಕಿತು. ಅವನೂ ನಕ್ಕ.

ಅವನ ತಂದೆ ಕಾಫಿ ತೋಟದಲ್ಲಿ ರೈಟರಾಗಿದ್ದರು. ಫಲಿತಾಂಶ ಬಂದಾಗ ಹುಡುಗನಿಗೆ ವಿಜ್ಞಾನ ವಿಭಾಗ ಸಿಗುವಷ್ಟು ಅಂಕಗಳಿದ್ದವು. ತಂದೆ ನನ್ನ ಬಳಿ ಬಂದು ಕೇಳಿದರು. ಸಿಗುವಾಗ ಬಿಡುವುದೇಕೆ, ಸೇರಿಸಿಬಿಡಿ ಎಂದೆ. ಎರಡನೆಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ಅವನು ಅನುತ್ತೀರ್ಣನಾದ. ಮರುಪರೀಕ್ಷೆಯಲ್ಲೂ ಹಾಗೆಯೇ ಆಯಿತು. ಪೂಜೆಗೆ ಬರುವುದನ್ನು ನಿಲ್ಲಿಸಿದ, ಬಂದರೆ ಎಲ್ಲರೂ “ಈಗ ಏನು ಓದುತ್ತಿದ್ದೀಯಾ?” ಎಂದು ಕೇಳುತ್ತಾರಲ್ಲ! ಬಹಳ ವರ್ಷಗಳ ಅನಂತರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನು ಸಿಕ್ಕ. ಲಿಫ್ಟಿನ ಮೇಲಿನ ಕೋಣೆಯಿಂದ ಗ್ರೀಸ್ ಮೆತ್ತಿದ ಕೈಯಲ್ಲಿ ಇಳಿದು ಬರುತ್ತಿದ್ದ. ಇಪ್ಪತ್ತೊಂದರ ವಯಸ್ಸಿನಲ್ಲಿ, ತನಗಿಂತ ಐದು ವರ್ಷ ಚಿಕ್ಕವರ ಜೊತೆ ಕುಳಿತು ಐಟಿಐ ಮಾಡಿದನಂತೆ. ದೂರಲಿಲ್ಲ. ಚಹಾ ಕುಡಿಸಿದ. ಮಾತಿನ ನಡುವೆ ಹೇಳಿದ: “ಅದೊಂದು ಕೆಲಸ ಅಂತ ನನಗೆ ಯಾರೂ ಹೇಳಲಿಲ್ಲ ಸರ್. ನಾನು ಅದನ್ನು ಕಿತಾಪತಿ ಅಂದುಕೊಂಡಿದ್ದೆ.”

ಆ ಶಬ್ದವನ್ನು ಅವನಿಗೆ ಕೊಟ್ಟವರು ಯಾರು? ತರಗತಿಯಲ್ಲಿ ನಾನು, ಮನೆಯಲ್ಲಿ ಅವನ ಹಿರಿಯರು.

ಇನ್ನು ‘ಸ್ಕೋಪ್’ ಎಂಬ ಮಾತು. ಕನ್ನಡದಲ್ಲಿ ಇದಕ್ಕೆ ಸಮಾನವಾದ ಪದವಿಲ್ಲದಿರುವುದು ಒಳ್ಳೆಯದೇ ಆಯಿತೇನೋ! ಒಂದು ಕಾಲದಲ್ಲಿ ಟೈಪಿಂಗ್‌ಗೆ ಸ್ಕೋಪ್ ಇತ್ತು. ಬೇಸಿಗೆ ರಜೆಯಲ್ಲಿ ಪಟ್ಟಣದ ಬೀದಿಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಟಕಟಕ ಸದ್ದು ಕೇಳುತ್ತಿತ್ತು. ಜೂನಿಯರ್, ಸೀನಿಯರ್ ಪಾಸಾದರೆ ಯಾವುದಾದರೂ ಕಚೇರಿಯಲ್ಲಿ ಅನ್ನ ಸಿಗುತ್ತದೆಂಬ ನಂಬಿಕೆ. ಆಮೇಲೆ ಟಿಸಿಎಚ್‌ಗೆ ಸ್ಕೋಪ್ ಬಂತು. ಸೀಟಿಗಾಗಿ ಶಿಫಾರಸು ಪತ್ರಗಳು ಓಡಾಡಿದವು. ಅದೇ ಶಿಕ್ಷಕರ ತರಬೇತಿ ಡಿ.ಇಡಿ. ಎಂದೂ ಡಿ.ಎಲ್.ಇಡಿ. ಎಂದೂ ಹೆಸರು ಬದಲಿಸಿಕೊಳ್ಳುವ ಹೊತ್ತಿಗೆ ಸೀಟುಗಳು ತುಂಬದೆ ಎಷ್ಟೋ ಸಂಸ್ಥೆಗಳು ಬಾಗಿಲು ಮುಚ್ಚಿದವು. ಕಂಪ್ಯೂಟರ್ ಎಂಜಿನಿಯರಿಂಗಿನ ಹುಮ್ಮಸ್ಸು 2001ರ ಸುಮಾರಿನಲ್ಲೂ 2008ರಲ್ಲೂ ಪೆಟ್ಟು ತಿಂದು ಮತ್ತೆ ಎದ್ದಿತು. ಈಗ ಕೃತಕ ಬುದ್ಧಿಮತ್ತೆಯ ಭಯದಿಂದ ಅದೇ ತಂದೆತಾಯಿಗಳು ಬೇರೆ ಕಡೆಗೆ ನೋಡುತ್ತಿದ್ದಾರೆ. ಹತ್ತನೆಯ ತರಗತಿಯ ಮಗು ಕೆಲಸಕ್ಕೆ ಸೇರುವುದು ಇನ್ನು ಆರೇಳು ವರ್ಷಗಳ ಮೇಲೆ. ನಾವು ಕೊಡುವ ಸಲಹೆಯಾದರೋ ನೆರೆಮನೆಯ ಹುಡುಗನಿಗೆ ಕಳೆದ ವರ್ಷ ಕೆಲಸ ಸಿಕ್ಕಿತೆಂಬ ಸುದ್ದಿಯ ಮೇಲೆ ನಿಂತಿರುತ್ತದೆ. ಹೋದ ಬಸ್ಸಿನ ಹಿಂದೆ ಓಡುವುದಕ್ಕೆ ಮಾರ್ಗದರ್ಶನವೆಂದು ಹೆಸರಿಡಬಹುದೇ?

ಶಿಬಿರವೇನೋ ವರ್ಷಕ್ಕೊಮ್ಮೆ. ಮನೆಯ ಮಾರ್ಗದರ್ಶನ ದಿನವೂ ನಡೆಯುತ್ತದೆ, ಮತ್ತು ಅದರ ಭಾಷೆ ಬಹಳ ಸ್ಪಷ್ಟವಾಗಿರುತ್ತದೆ. “ಓದದಿದ್ದರೆ ದನ ಕಾಯಲು ಹೋಗು.” “ಗ್ಯಾರೇಜಿಗೆ ಸೇರಿಸಿಬಿಡುತ್ತೇನೆ ನೋಡು.” “ಗಾರೆ ಕೆಲಸಕ್ಕೇ ಲಾಯಕ್ಕು ನೀನು.” ಹೀಗೆ ಹೇಳುವಾಗ ನಮಗೆ ಬೇರಾವ ಉದ್ದೇಶವೂ ಇರುವುದಿಲ್ಲ, ಮಗು ಓದಲಿ ಎಂಬ ಆಸೆ ಮಾತ್ರ. ಆದರೆ ಗಾರೆ ಕೆಲಸದವರು ಅದೇ ದೇವಾಲಯದಲ್ಲಿ ನಮಗಿಂತ ಎರಡು ಸಾಲು ಹಿಂದೆ ಮೊಣಕಾಲೂರಿ ಕುಳಿತಿರುತ್ತಾರೆ. ಅವರ ಮಗ ನಮ್ಮ ಮಗನ ಸಹಪಾಠಿ. ಒಂದು ವೃತ್ತಿಯನ್ನು ಶಿಕ್ಷೆಯೆಂದು ಐದನೆಯ ವಯಸ್ಸಿನಿಂದ ಹೇಳುತ್ತಾ ಬಂದು, ಹದಿನಾರನೆಯ ವಯಸ್ಸಿನಲ್ಲಿ “ಎಲ್ಲ ವೃತ್ತಿಗಳೂ ಗೌರವಯುತವೇ” ಎಂದು ಶಿಬಿರದಲ್ಲಿ ಬೋಧಿಸಿದರೆ ಯಾವ ಮಗು ನಂಬೀತು?

ನಮ್ಮ ಮಟ್ಟಿಗೆ ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. 1955ರಲ್ಲಿ ಹನ್ನೆರಡನೆಯ ಭಕ್ತಿನಾಥ, ಅಂದರೆ ಹನ್ನೆರಡನೆಯ ಪಯಸ್ ಜಗದ್ಗುರುಗಳು, ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಆ ದಿನ ಬಡಗಿಯನ್ನು ಪೀಠದ ಪಕ್ಕದಲ್ಲಿಟ್ಟು ಹೂ ಮುಡಿಸುತ್ತೇವೆ. ನಜರೇತಿನವರು ಯೇಸುಸ್ವಾಮಿಯನ್ನು ಕುರಿತು ಆಡಿದ ತಾತ್ಸಾರದ ಮಾತಿನ ತಿರುಳು ಅವರ ಕಸುಬೇ ಆಗಿತ್ತೆಂದು ಮಾರ್ಕನ ಶುಭಸಂದೇಶ ತಿಳಿಸುತ್ತದೆ. ಫಲಿತಾಂಶ ಬರುವುದೂ ಹೆಚ್ಚುಕಡಿಮೆ ಆ ಹಬ್ಬದ ಆಸುಪಾಸಿನಲ್ಲೇ. ಆಗ ನಮ್ಮ ಮನೆಗಳಲ್ಲಿ ಕೇಳಿಬರುವುದು ನಜರೇತಿನವರ ದನಿಯೇ.

ಶಾಲೆಗಳಲ್ಲಿ ಕೆಲಸಕ್ಕೆ ಜಾಗವೇ ಇರಲಿಲ್ಲವೆಂದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಸಮ್ಮೇಳನದಿಂದ ಮೂಲಶಿಕ್ಷಣದ ಯೋಜನೆ ಹುಟ್ಟಿತು. ಅದರ ರೂಪರೇಷೆಯನ್ನು ಸಿದ್ಧಪಡಿಸಿದ ಸಮಿತಿಗೆ ಜಾಕಿರ್ ಹುಸೇನರು ಅಧ್ಯಕ್ಷರಾಗಿದ್ದರು. ಕೈಕಸುಬಿನ ಮೂಲಕವೇ ಗಣಿತ, ಭಾಷೆ, ಪರಿಸರಗಳನ್ನು ಕಲಿಸಬೇಕೆಂಬುದು ಅದರ ಜೀವಾಳ. ನಮ್ಮ ತಲೆಮಾರಿಗೆ ತಲುಪುವ ಹೊತ್ತಿಗೆ ಅದು ವಾರಕ್ಕೆರಡು ಅವಧಿ ತಕಲಿ ಹಿಡಿದು ಕೂರುವುದಾಗಿತ್ತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅವಿಭಾಜ್ಯ ಅಂಗವಾಗಿಸಬೇಕೆಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆಯಿತು. ಕರೆದದ್ದೇನೋ ದೊಡ್ಡ ಹೆಸರಿನಿಂದ. ನಮ್ಮ ವೇಳಾಪಟ್ಟಿಯಲ್ಲಿ ಅದು ಶುಕ್ರವಾರದ ಕೊನೆಯ ಅವಧಿಯಾಯಿತು. ಗಣಿತದ ಪಾಠ ಹಿಂದುಳಿದಾಗಲೆಲ್ಲ ಆ ಅವಧಿಯನ್ನು ನಾನು ಕೇಳಿ ಪಡೆಯುತ್ತಿದ್ದೆ. ಕರಕುಶಲ ಶಿಕ್ಷಕರು ಮರುಮಾತಿಲ್ಲದೆ ಬಿಟ್ಟುಕೊಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ; ಉಳಿ, ಗರಗಸಗಳಿದ್ದ ಬೀರುವಿನ ಬೀಗದ ಕೈ ಯಾರ ಬಳಿ ಇತ್ತೆಂದು ಈಗಲೂ ತಿಳಿಯದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ವಿಷಯಕ್ಕೊಂದು ಅಧ್ಯಾಯವೇ ಇದೆ. ಅದರಲ್ಲಿ ಉಲ್ಲೇಖಿಸಿರುವ ಒಂದು ಅಂದಾಜು ಯಾರನ್ನಾದರೂ ತಡೆದು ನಿಲ್ಲಿಸಬೇಕು. 19ರಿಂದ 24 ವಯಸ್ಸಿನ ಭಾರತೀಯ ಕೆಲಸಗಾರರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕಿಂತ ಕಡಿಮೆ ಎಂದು ಹನ್ನೆರಡನೆಯ ಪಂಚವಾರ್ಷಿಕ ಯೋಜನೆ ಲೆಕ್ಕ ಹಾಕಿತ್ತು. ಅಮೆರಿಕದಲ್ಲಿ ಅದು ಶೇ. 52, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯದಲ್ಲಿ ಶೇ. 96. 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂಬುದು ನೀತಿಯ ಗುರಿಯಾಗಿತ್ತು. ಆ ವರ್ಷ ಕಳೆದುಹೋಗಿದೆ. ನಿಮ್ಮ ಊರಿನ ಶಾಲೆಯಲ್ಲಿ ಏನಾಗಿದೆಯೆಂದು ನೀವೇ ವಿಚಾರಿಸಿ.

ನೀತಿಯ ಒಕ್ಕಣೆಯನ್ನು ಗಮನವಿಟ್ಟು ಓದಿದರೆ ಒಂದು ಸೂಕ್ಷ್ಮ ಕಾಣುತ್ತದೆ. ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಮಕ್ಕಳು ಪುಸ್ತಕದ ಚೀಲವಿಲ್ಲದೆ ಊರಿನ ಬಡಗಿ, ಮಾಲಿ, ಕುಂಬಾರ, ಕಲಾವಿದರ ಬಳಿ ಕಳೆಯುವರೆಂದು ಅದು ಖಚಿತವಾಗಿ ಹೇಳುತ್ತದೆ. ಅನಂತರದ ತರಗತಿಗಳಿಗೆ ಬಂದಾಗ ಅಂತಹ ಅವಕಾಶಗಳನ್ನು ಒದಗಿಸಬಹುದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹನ್ನೆರಡು ವರ್ಷದ ಮಗುವಿಗೆ ಆ ಹತ್ತು ದಿನ ಒಂದು ಪ್ರವಾಸದಂತೆ ಸಂತೋಷ ಕೊಡುತ್ತದೆ, ಒಳ್ಳೆಯದೇ. ಆದರೆ ಆಯ್ಕೆಯ ಹೊಸ್ತಿಲಲ್ಲಿ ನಿಂತಿರುವುದು ಹದಿನೈದರ ಮಗು. ಅದಕ್ಕೆ ಸಿಗುವುದು ‘ಬಹುದು’ ಎಂಬ ಪ್ರತ್ಯಯ ಮಾತ್ರ! 625ಕ್ಕೆ 625 ಅಂಕಗಳ ಬೆನ್ನು ಹತ್ತಿದ ಶಾಲೆಯಲ್ಲಿ ಆ ‘ಬಹುದು’ ಏನಾಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ರಾಜ್ಯ ತನ್ನದೇ ಶಿಕ್ಷಣ ನೀತಿಗಾಗಿ 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ರಚಿಸಿತು. ಅದರ ವರದಿ 2025ರ ಆಗಸ್ಟ್ ತಿಂಗಳಲ್ಲಿ ಸಲ್ಲಿಕೆಯಾಯಿತು. ನೀತಿಗಳು ಬರಲಿ, ಹೋಗಲಿ. ಶುಕ್ರವಾರದ ಕೊನೆಯ ಅವಧಿಯನ್ನು ಗಣಿತದ ಮೇಷ್ಟ್ರಿಂದ ಕಾಪಾಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಇದೆ.

ಕೆಲಸ ಕಲಿಸುವ ಪರಂಪರೆ ನಮ್ಮ ಸಮುದಾಯಕ್ಕೆ ಹೊಸದಲ್ಲ. ಡಾನ್ ಬಾಸ್ಕೊ ಅವರು 1852ರ ಫೆಬ್ರವರಿಯಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಬಡ ಹುಡುಗನೊಬ್ಬನಿಗಾಗಿ ಬಡಗಿಯೊಬ್ಬನೊಡನೆ ಮಾಡಿಕೊಂಡ ಕರಾರುಪತ್ರ ಇಂದಿಗೂ ಪ್ರಸಿದ್ಧವಾಗಿದೆ. ಯಜಮಾನನು ಹುಡುಗನಿಗೆ ಕಸುಬನ್ನು ಪೂರ್ತಿಯಾಗಿ ಕಲಿಸಬೇಕು. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಕೂಲಿ ಇಷ್ಟೆಂದು ನಿಗದಿಯಾಗಿ, ಮುಂದಿನ ವರ್ಷ ಅದು ಹೆಚ್ಚಬೇಕು. ಹದಿಹರೆಯದ ಹುಡುಗರನ್ನು ಕೆಲಸದಾಳುಗಳಂತೆ ಬಳಸಿಕೊಳ್ಳುತ್ತಿದ್ದ ಕಾಲದಲ್ಲಿ ಬರೆದ ಕಾಗದ ಅದು. ಮರುವರ್ಷ ತಮ್ಮದೇ ಅಂಗಳದಲ್ಲಿ ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ಅವರು ತೆರೆದರು. ನಮ್ಮ ಕರಾವಳಿಯಲ್ಲಿ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಮಂಗಳೂರಿನಲ್ಲಿ ಸ್ಥಾಪಿಸಿದರು. ಮತಾಂತರದಿಂದ ಹಳೆಯ ಜೀವನೋಪಾಯ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಾಗಿತ್ತು. ಜೆಪ್ಪುವಿನಲ್ಲಿ ಯೇಸುಸಭೆಯ ಗುರುಗಳ ಕಾರ್ಯಾಗಾರವೂ ಇತ್ತು. ಅಲ್ಲಿ ಮರದ ಕೆಲಸ ಕಲಿತ ಕೈಗಳು ಎಷ್ಟೋ ದೇವಾಲಯಗಳಿಗೆ ಪ್ರತಿಮೆಗಳನ್ನೂ ಪೀಠಗಳನ್ನೂ ಮಾಡಿಕೊಟ್ಟವು.

ಈ ಪರಂಪರೆಯನ್ನು ಹೊಗಳಿ ಮುಗಿಸುವುದು ಸುಲಭ. ಹಾಗೆ ಮಾಡಲಾರೆ. ಕಾರ್ಯಾಗಾರ ಯಾವಾಗಲೂ ಅನಾಥರಿಗೆ, ಬಡವರಿಗೆ, ಕಾಲೇಜು ಅನುಕೂಲಸ್ಥರಿಗೆ. ಈ ಎರಡು ಬಾಗಿಲುಗಳನ್ನು ನಾವೇ ಬೇರೆ ಬೇರೆ ಇಟ್ಟೆವು. ಇಂದಿಗೂ ನಮ್ಮ ಸಂಸ್ಥೆಗಳ ಆವರಣಗಳಲ್ಲಿ ಆಂಗ್ಲಮಾಧ್ಯಮ ಶಾಲೆ ರಸ್ತೆಯ ಕಡೆಗೆ ಮುಖ ಮಾಡಿರುತ್ತದೆ. ತರಬೇತಿ ಕೇಂದ್ರವಿದ್ದರೆ ಹಿಂಬದಿಯಲ್ಲಿ, ಅಡುಗೆಮನೆಯ ಪಕ್ಕದಲ್ಲಿರುತ್ತದೆ. ಮುಂದಿನ ಕಟ್ಟಡದ ಮಕ್ಕಳು ಹಿಂದಿನ ಕಟ್ಟಡಕ್ಕೆ ಒಂದು ದಿನವಾದರೂ ಕಾಲಿಡುವುದಿಲ್ಲ.

ಕೈಕಸುಬಿನ ಶಿಕ್ಷಣವೆಂದರೆ ಬಡವರು ಏಕೆ ಅನುಮಾನದಿಂದ ನೋಡುತ್ತಾರೆಂಬುದನ್ನೂ ಅರಿಯಬೇಕು. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಹಳ್ಳಿಯ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯವರ ಕಸುಬು ಎಂಬ ಯೋಜನೆಯನ್ನು ತಂದರು. ದಕ್ಷಿಣ ಕನ್ನಡ ಆಗ ಆ ರಾಜ್ಯದ ಭಾಗವೇ ಆಗಿತ್ತು. ಕುಲಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಹುನ್ನಾರವೆಂದು ಪ್ರತಿಭಟನೆ ಎದ್ದಿತು. ಮರುವರ್ಷ ಕಾಮರಾಜರು ಅಧಿಕಾರಕ್ಕೆ ಬಂದ ಮೇಲೆ ಯೋಜನೆ ರದ್ದಾಯಿತು. ಆ ಪ್ರತಿಭಟನೆ ನ್ಯಾಯವಾದದ್ದೇ. ತಲೆಮಾರುಗಳಿಂದ ಚರ್ಮ ಹದಮಾಡಿದ ಮನೆಯ ತಂದೆ ತನ್ನ ಮಗ ಚರ್ಮ ಮುಟ್ಟದಿರಲಿ ಎಂದು ಬಯಸಿದರೆ, “ಕೆಲಸದಲ್ಲಿ ಮೇಲುಕೀಳಿಲ್ಲ” ಎಂದು ಅವನಿಗೆ ಉಪದೇಶಿಸಲು ನಾನು ಯಾರು? ಮೇಲುಕೀಳನ್ನು ಉಂಡವನು ಅವನು. ಆದ್ದರಿಂದ ಐಟಿಐಗೆ ಸೇರಿಸಿ ಎಂಬ ಸಲಹೆಯನ್ನು ಕಡಿಮೆ ಅಂಕದ, ಕಡಿಮೆ ವರಮಾನದ ಮಕ್ಕಳಿಗೆ ಮಾತ್ರ ಕೊಡುವ ಮಾರ್ಗದರ್ಶನ ಅನ್ಯಾಯದ್ದು. ವೈದ್ಯರ ಮಗಳೂ ಗ್ಯಾರೇಜನ್ನು ಕಾಣಬೇಕು. ಗ್ಯಾರೇಜಿನವರ ಮಗಳೂ ಪ್ರಯೋಗಾಲಯವನ್ನು ಕಾಣಬೇಕು.

ಜರ್ಮನಿಯ ಮಾತು ಬಂದದ್ದರಿಂದ ಒಂದು ಸಂಗತಿ. ಅಲ್ಲಿ ಸಾಮಾನ್ಯವಾಗಿ ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳು ಎರಡು-ಮೂರು ವಾರ ಯಾವುದಾದರೂ ಕೆಲಸದ ಸ್ಥಳದಲ್ಲಿ ಕಳೆಯುತ್ತಾರೆ: ಬೇಕರಿ, ದಂತವೈದ್ಯರ ಚಿಕಿತ್ಸಾಲಯ, ಪತ್ರಿಕಾ ಕಚೇರಿ, ಹೀಗೆ. ಮುಂದೆ ಕಸುಬು ಕಲಿಯುವವರು ವಾರದ ಹೆಚ್ಚಿನ ದಿನ ಉದ್ಯಮದಲ್ಲಿ, ಒಂದೆರಡು ದಿನ ವೃತ್ತಿಶಾಲೆಯಲ್ಲಿ ಇರುತ್ತಾರೆ. ಕಸುಬಿನಲ್ಲಿ ‘ಮೈಸ್ಟರ್’ ಆದವರ ಅರ್ಹತೆ ಅಲ್ಲಿನ ಅರ್ಹತಾ ಶ್ರೇಣಿಯಲ್ಲಿ ಪದವಿಯ ಸಮಾನ ಮಟ್ಟದಲ್ಲಿದೆ. ಆ ವ್ಯವಸ್ಥೆಯಲ್ಲೂ ಲೋಪಗಳಿವೆ; ಹತ್ತನೆಯ ವಯಸ್ಸಿನಲ್ಲೇ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುವುದನ್ನು ಅಲ್ಲಿಯವರೇ ಟೀಕಿಸುತ್ತಾರೆ. ಎಲ್ಲವನ್ನೂ ಎರವಲು ತರಬೇಕಿಲ್ಲ. ಆ ಎರಡು ವಾರಗಳ ಮೇಲೆ ಮಾತ್ರ ನನಗೆ ಆಸೆ.

ನಮ್ಮಲ್ಲೂ ದಾರಿಗಳು ಮುಚ್ಚಿಲ್ಲ. ಮುಚ್ಚಿವೆಯೆಂದು ನಾವು ಭಾವಿಸಿದ್ದೇವೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾಗಿ ಈಗ ಹಲವು ಜಿಲ್ಲೆಗಳಲ್ಲಿ ಶಾಖೆಗಳಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಹೆಸರನ್ನು ನಮ್ಮ ಎಷ್ಟು ಮಂದಿ ಪೋಷಕರು ಕೇಳಿದ್ದಾರೆ? ಶಿಬಿರದ ಮರದ ಚಿತ್ರದಲ್ಲಿ ನೆಲಕ್ಕೆ ತಾಗಿದ ಆ ಎರಡು ಚಿಗುರುಗಳಿಂದ ಮೇಲಕ್ಕೆ ಹೋಗುವ ಗೆರೆಯನ್ನು ಎಳೆಯಲು ನಾನೂ ಮರೆತಿದ್ದೆ.

ಹಾಗಾದರೆ ಮಾಡಬೇಕಾದ್ದೇನು ಎಂದು ನೀವು ಕೇಳುವುದು ಸಹಜ. ದೊಡ್ಡ ಯೋಜನೆ ಹೇಳಲಾರೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹತ್ತು ನಿಮಿಷ ನಿಂತು ನೋಡಿ. ಬಸ್ಸಿನ ನಿರ್ವಾಹಕರು, ಬ್ಯಾಂಕಿನ ಗುಮಾಸ್ತರು, ಹೆರಿಗೆ ವಾರ್ಡಿನ ಸಿಸ್ಟರ್, ಲೇತ್ ಯಂತ್ರದವರು, ಅಂಗನವಾಡಿ ಕಾರ್ಯಕರ್ತೆ, ಬೇಕರಿಯವರು, ಕೊಲ್ಲಿ ರಾಷ್ಟ್ರದಿಂದ ರಜೆಯ ಮೇಲೆ ಬಂದ ಕ್ರೇನ್ ಚಾಲಕರು, ಪೊಲೀಸ್ ಪೇದೆ, ಹೊಲಿಗೆಯವರು. ಯಾವ ಶಾಲೆಗೂ ಇಷ್ಟು ವೃತ್ತಿಗಳು ಒಂದೇ ಅಂಗಳದಲ್ಲಿ ಸಿಗುವುದಿಲ್ಲ. ಇವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಮಗುವನ್ನು ನಂಬಿ ಕಳುಹಿಸಬಹುದಾದವರು. ಒಂಬತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ ಪ್ರತಿ ಮಗುವೂ ತನ್ನ ಮನೆಯದಲ್ಲದ ಎರಡು ಕೆಲಸಗಳ ಬಳಿ ಮೂರು ಮೂರು ದಿನ ಕುಳಿತು ಬರಲಿ. ಬರುವಾಗ ಕೆಲವು ಪ್ರಶ್ನೆಗಳಿಗೆ ಉತ್ತರ ತರಲಿ: ಈ ಕೆಲಸದಲ್ಲಿ ನಿಮಗೆ ಬೇಸರ ತರುವುದು ಯಾವುದು? ತಪ್ಪಾದರೆ ಏನಾಗುತ್ತದೆ, ಯಾರಿಗೆ ತೊಂದರೆ? ಶಾಲೆಯಲ್ಲಿ ಕಲಿತದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು? ಸಂಬಳದ ಪ್ರಶ್ನೆಯನ್ನು ಮಕ್ಕಳು ತಾವಾಗಿಯೇ ಕೇಳಿಕೊಳ್ಳುತ್ತಾರೆ, ಅದನ್ನು ಹೇಳಿಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಮಗು ಹೋಗುವುದು ನೋಡಲು, ಕೇಳಲು, ಹಿರಿಯರ ಕಣ್ಣಳತೆಯಲ್ಲಿ ಸಣ್ಣದೊಂದನ್ನು ಮಾಡಿ ನೋಡಲು. ಅದನ್ನು ದುಡಿಸಿಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯಿದೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದಕ್ಕೂ, 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವುದಕ್ಕೂ ನಿಷೇಧವಿದೆ. ಕಲಿಕೆಯ ಹೆಸರಿನಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಜಾಣರು ಟ್ಯೂರಿನ್ನಿನಲ್ಲಿ ಮಾತ್ರ ಇದ್ದರೆಂದು ತಿಳಿಯಬೇಡಿ. ಎಲ್ಲಿಗೆ, ಯಾರ ಬಳಿ, ಎಷ್ಟು ಹೊತ್ತು ಎಂಬುದು ಕಾಗದದ ಮೇಲಿರಲಿ. ತಂದೆಯೋ ತಾಯಿಯೋ ಸಹಿ ಹಾಕಲಿ.

ಮೂರು ದಿನಗಳಲ್ಲಿ ಯಾರೂ ಕಸುಬು ಕಲಿಯಲಾರರು. ನನ್ನ ಸ್ನೇಹಿತರೊಬ್ಬರ ಮಗಳು ಆಸ್ಪತ್ರೆಯಲ್ಲಿ ಎರಡೇ ದಿನ ಕುಳಿತು ಬಂದು ನರ್ಸಿಂಗ್ ಬೇಡವೆಂದಳು. ರಕ್ತಕ್ಕಲ್ಲ, ರೋಗಿಗಳ ಮನೆಯವರ ಕೂಗಾಟಕ್ಕೆ ಹೆದರಿ. ಮನೆಯಲ್ಲಿ ಎಲ್ಲರಿಗೂ ನಿರಾಶೆ. ನನಗೆ ಅದು ಲಾಭವೆನಿಸಿತು. ಎರಡು ದಿನದಲ್ಲಿ ತಿಳಿದದ್ದು ನಾಲ್ಕು ವರ್ಷ ಮತ್ತು ಬ್ಯಾಂಕಿನ ಸಾಲದ ಅನಂತರ ತಿಳಿದಿದ್ದರೆ?

ಈ ವರ್ಷವೂ ನಮ್ಮ ಧರ್ಮಕೇಂದ್ರದ ಶಿಬಿರಕ್ಕೆ ನನ್ನನ್ನು ಕರೆದರು. ನನ್ನ ಬದಲು ನಮ್ಮ ಸಭಾಂಗಣಕ್ಕೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್‌ರನ್ನು ವೇದಿಕೆಗೆ ಕರೆಯಿರಿ ಎಂದು ಫಾದರ್ ಅವರಲ್ಲಿ ಕೇಳಿಕೊಂಡೆ. ಫಾದರ್ ಒಪ್ಪಿದರು, ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. “ನನಗೆ ಮಾತು ಬರುವುದಿಲ್ಲ ಸರ್, ವೇದಿಕೆ ಎಲ್ಲ ಬೇಡ. ಶನಿವಾರ ಶಾಲೆಯ ಹೊಸ ಕೊಠಡಿಗಳಿಗೆ ಪೈಪ್ ಎಳೆಯುತ್ತಿದ್ದೇವೆ, ಕರೆಂಟ್ ಇನ್ನೂ ಕೊಟ್ಟಿಲ್ಲ. ಬರುವವರಿದ್ದರೆ ಅಲ್ಲಿಗೇ ಕಳುಹಿಸಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬರಲಿ” ಎಂದರು.

ಭಾನುವಾರ ಪೂಜೆಯ ನಂತರ ಹೆಸರು ಕೊಡಿರೆಂದು ಪ್ರಕಟಣೆ ಮಾಡಿಸಿದೆ. ಆರು ಮಂದಿ ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ಹುಡುಗಿಯರು. ಒಬ್ಬಳ ತಾಯಿ ಇನ್ನೂ ಸಹಿ ಹಾಕಿಲ್ಲ.